ಮೂಗು ತೂರಿಸುವವರಿಗೆ ಏನಂತೀವಿ?

ಪ್ರಶ್ನೆ: ನನ್ನ ಸಂಬಳ ಎಷ್ಟು, ಯಾಕೆ ಕೆಲಸ ಬಿಟ್ಟೆ ಅಂತ ಸೋದರತ್ತೆ ಬಿಡದೆ ಕೇಳ್ತಾ ಇದ್ರು. ತಡೆಯಲಾರದೆ "ಅಧಿಕಪ್ರಸಂಗ ಮಾಡಬೇಡಿ ಅತ್ತೆ" ಅಂದುಬಿಟ್ಟೆ. ಅವರು ಎರಡು ದಿನ ಮಾತೇ ಆಡಲಿಲ್ಲ. ನಾನು ಬಳಸಿದ ಪದ ತಪ್ಪಾ? ಇಂಥವರಿಗೆ ಕನ್ನಡದಲ್ಲಿ ಸರಿಯಾದ ಒಂದು ಪದ ಇಲ್ವಾ?

ಉತ್ತರ: ಪದ ತಪ್ಪಿತು. ಹೇಳಿದ ಜಾಗವೂ ತಪ್ಪಿತು.

ಅಧಿಕಪ್ರಸಂಗ ಅಂದರೆ ಮಿತಿ ಮೀರಿ ಮಾತಾಡುವುದು, ತನ್ನ ಸ್ಥಾನ ಮರೆತು ಬಾಯಿ ಬಿಡುವುದು. ಹೆಚ್ಚಾಗಿ ದೊಡ್ಡವರು ಚಿಕ್ಕವರನ್ನು ಗದರಿಸುವಾಗ ಬರುವ ಮಾತಿದು. ಅದನ್ನು ನೀವು ತಿರುಗಿಸಿ ಅತ್ತೆಗೇ ಹೇಳಿದಾಗ "ನಿಮ್ಮ ಮಿತಿಯಲ್ಲಿ ನೀವಿರಿ" ಅಂತ ಕೇಳಿಸುತ್ತದೆ. ನೋವಾಗದೆ ಇರುತ್ತಾ? ಅದೂ ಅಲ್ಲದೆ ಅವರು ಮಾಡಿದ್ದು ಜಾಸ್ತಿ ಮಾತಲ್ಲ, ಜಾಸ್ತಿ ಪ್ರಶ್ನೆ. ಅದಕ್ಕೆ ಕನ್ನಡದಲ್ಲಿ ಬೇರೆ ಮಾತುಗಳಿವೆ.

ಬೇರೆಯವರ ವಿಷಯದಲ್ಲಿ ಮೂಗು ತೂರಿಸುವುದು ಎಲ್ಲರಿಗೂ ಗೊತ್ತು. ತಲೆ ಹಾಕುವುದು ಸ್ವಲ್ಪ ಮೆತ್ತಗೆ. ಬಾಯಿ ಹಾಕುವುದು ಅಂದರೆ ಇಬ್ಬರು ಮಾತಾಡುವಾಗ ನಡುವೆ ನುಗ್ಗುವುದು, ಅದಕ್ಕೆ ಕುತೂಹಲವೇ ಬೇಕಿಲ್ಲ. ಕೆದಕುವುದು ನನಗೆ ತುಂಬಾ ಇಷ್ಟದ ಪದ. ಕೋಳಿ ಕಾಲಲ್ಲಿ ಮಣ್ಣು ಕೆದಕಿ ಕೆದಕಿ ಕಾಳು ಹುಡುಕುತ್ತದಲ್ಲ, ಹಾಗೆ ಮುಚ್ಚಿಹೋದ ಮಾತನ್ನು ಮತ್ತೆ ಮತ್ತೆ ಮೇಲೆ ತರುವುದು. ನಿಮ್ಮ ಅತ್ತೆ ಮಾಡಿದ್ದು ಇದೇ. ಇದನ್ನು ಕೆಣಕುವುದರ ಜೊತೆ ಬೆರೆಸಬೇಡಿ. ಕೆಣಕುವವರಿಗೆ ನಿಮಗೆ ಸಿಟ್ಟು ಬರಿಸಬೇಕು, ಕೆದಕುವವರಿಗೆ ವಿಷಯ ಗೊತ್ತಾಗಬೇಕು ಅಷ್ಟೇ.

ಇನ್ನು ಉಸಾಬರಿ, ಗೊಡವೆ, ತಂಟೆ. ಈ ಮೂರೂ ಹೆಚ್ಚಾಗಿ "ಬೇಡ", "ಯಾಕೆ" ಅನ್ನುವುದರ ಜೊತೆಗೇ ಬರುತ್ತವೆ. "ಊರ ಉಸಾಬರಿ ನಿನಗ್ಯಾಕೆ" ಅನ್ನುವಾಗ ತನ್ನದಲ್ಲದ ಹೊರೆ ಹೊತ್ತುಕೊಂಡವರ ಚಿತ್ರ ಕಣ್ಣಿಗೆ ಬರುತ್ತದೆ. ತಂಟೆಯಲ್ಲಿ ಜಗಳದ ವಾಸನೆ ಇದೆ. ಗೊಡವೆ ಮಾತ್ರ ಸೌಮ್ಯ, "ನನಗೆ ಅದರ ಗೊಡವೆ ಬೇಡ" ಅಂತ ನಮ್ಮ ಬಗ್ಗೆಯೇ ಹೇಳಿಕೊಳ್ಳಬಹುದು.

ಗಮನಿಸಿದ್ದೀರಾ, ಇವೆಲ್ಲ ಹೇಳುವುದು ಮಾಡುವ ಕೆಲಸವನ್ನು, ಮಾಡುವ ಮನುಷ್ಯನನ್ನಲ್ಲ. ನೀವು ಕೇಳಿದ ಆ ಒಂದು ಪದ ಸಿಗದೆ ಇರುವುದಕ್ಕೆ ಇದೇ ಕಾರಣ, ಮತ್ತು ಅದು ಕೊರತೆ ಅಂತ ನನಗೆ ಅನಿಸುವುದಿಲ್ಲ. ಯಾಕಂದ್ರೆ ಅದೇ ಪ್ರಶ್ನೆಯನ್ನು ಕಾಳಜಿಯಿಂದ ಕೇಳಿದರೆ ನಾವು "ಬಂದು ವಿಚಾರಿಸಿಕೊಂಡು ಹೋದರು" ಅಂತ ಪ್ರೀತಿಯಿಂದ ಹೇಳುತ್ತೇವೆ. ಕೇಳಿದ್ದು ಒಂದೇ, ಕೆಲಸ ಯಾಕೆ ಬಿಟ್ಟೆ ಅಂತ. ವಿಚಾರಿಸಿದ್ದೋ ಕೆದಕಿದ್ದೋ ಅನ್ನುವುದು ಕೇಳಿದವರ ದನಿಯಲ್ಲಿ, ಎಷ್ಟು ಸಲ ಕೇಳಿದರು ಅನ್ನುವುದರಲ್ಲಿ ಇರುತ್ತದೆ.

ಅತ್ತೆಗೆ ಮುಂದಿನ ಸಲ "ಅದನ್ನ ಈಗ ಬಿಡಿ ಅತ್ತೆ, ಸಮಯ ಬಂದಾಗ ನಾನೇ ಹೇಳ್ತೀನಿ" ಅನ್ನಿ. ಮತ್ತೂ ಕೇಳಿದರೆ "ಅದನ್ನೇ ಕೆದಕಬೇಡಿ ಅತ್ತೆ, ಬೇಜಾರಾಗುತ್ತೆ". ಇದರಲ್ಲಿ ಅವರ ಮೇಲೆ ಆರೋಪ ಇಲ್ಲ, ನಿಮ್ಮ ನೋವು ಮಾತ್ರ ಇದೆ.

ಪ್ರಶ್ನೆ: ಇಂಥವರಿಗೆ ಬಸವಣ್ಣನವರ "ಲೋಕದ ಡೊಂಕ ನೀವೇಕೆ ತಿದ್ದುವಿರಿ" ಅಂತ ಹೇಳಿದರೆ ಆಗಲ್ವಾ?

ಉತ್ತರ: ಸುಮ್ನೆ ಬಾಯಿ ಮುಚ್ಚಿಸುವುದಕ್ಕೆ ಬೇಡ. 12ನೇ ಶತಮಾನದ ಆ ವಚನ ಮಾತಾಡುವುದು ತಿದ್ದಲು ಹೊರಟವರ ಜೊತೆ, ಮೊದಲು ನಿಮ್ಮ ತನು, ನಿಮ್ಮ ಮನ ಸಂತೈಸಿಕೊಳ್ಳಿ ಅಂತ. ಸಂಬಳ ಎಷ್ಟು ಅಂತ ಕೇಳುವವರು ಯಾವ ಡೊಂಕನ್ನೂ ತಿದ್ದಲು ಬಂದವರಲ್ಲ, ಅವರಿಗೆ ಬೇಕಾಗಿರುವುದು ಒಂದು ಸಂಖ್ಯೆ. ನೀವು ಹೇಗೆ ಬದುಕಬೇಕು ಅಂತ ಕೇಳದೆಯೇ ಬುದ್ಧಿ ಹೇಳುತ್ತಾರಲ್ಲ, ಆ ಸಾಲು ಅವರಿಗೆ ಒಪ್ಪುತ್ತದೆ.