ಫ್ರೆಂಡ್ಲಿ ಫೈರ್ ಹಾರ್ಡ್ ಮೋಡ್‌ನಲ್ಲಿ ಮಾತ್ರ ಇದ್ದರೆ ಸಾಕೇ?

ನಾಲ್ವರ ಪಾರ್ಟಿಯ ಟರ್ನ್-ಬೇಸ್ಡ್ ಆರ್‌ಪಿಜಿ (ಸರದಿಯಂತೆ ಕಾದಾಡುವ ಪಾತ್ರಾಭಿನಯದ ಆಟ) ಮಾಡುತ್ತಿದ್ದೀರಿ. ಫ್ರೆಂಡ್ಲಿ ಫೈರ್, ಅಂದರೆ ನಮ್ಮ ಸ್ಪೆಲ್ (ಮಂತ್ರ) ನಮ್ಮವರಿಗೇ ತಗಲುವುದನ್ನು ಹಾರ್ಡ್‌ನಲ್ಲಿ ಮಾತ್ರ ಇಡಲೇ ಎಂದು ಕೇಳಿದ್ದೀರಿ. ಬೇಡ ಅನ್ನುತ್ತೇನೆ. ಇಡುವುದಾದರೆ ಎಲ್ಲ ಮೋಡ್‌ಗಳಲ್ಲೂ ಇಡಿ.

ಡ್ರ್ಯಾಗನ್ ಏಜ್ 2ರಲ್ಲಿ (2011) ಅದು ಎಲ್ಲಕ್ಕಿಂತ ಕಷ್ಟದ ನೈಟ್‌ಮೇರ್ ಮೋಡ್‌ನಲ್ಲಿ ಮಾತ್ರ ಇತ್ತು. ಹಾರ್ಡ್‌ವರೆಗೆ ಆಡಿ ಕೈ ಪಳಗಿದವರಿಗೆ ಗುಂಪಿನ ನಡುವೆಯೇ ಸ್ಪೆಲ್ ಸುರಿಯುವುದು ರೂಢಿಯಾಗಿರುತ್ತದೆ. ನೈಟ್‌ಮೇರ್‌ಗೆ ಕಾಲಿಟ್ಟರೆ ದೊಡ್ಡ ಕತ್ತಿಯವನ ಮಾಮೂಲಿ ಬೀಸು ಕೂಡ ಪಕ್ಕದ ಗೆಳೆಯನಿಗೆ ಬೀಳುತ್ತದೆ. ಅಷ್ಟು ದಿನ ಕಲಿತದ್ದೇ ಮುಳುವಾಗುತ್ತದೆ. ಅದರ ಹಿಂದಿನ ಆಟ ಡ್ರ್ಯಾಗನ್ ಏಜ್: ಒರಿಜಿನ್ಸ್‌ನ (2009) ಪಿಸಿ ಆವೃತ್ತಿಯಲ್ಲಿ ಗೆಳೆಯರಿಗೆ ತಗಲುವ ಡ್ಯಾಮೇಜ್ ಈಸಿಗೆ ಇಲ್ಲ, ನಾರ್ಮಲ್‌ಗೆ ಅರ್ಧ, ಹಾರ್ಡ್‌ಗೆ ಪೂರ್ತಿ. ಅದು ಎಷ್ಟೋ ವಾಸಿ.

ಲೆಕ್ಕ ನೋಡಿ. ಬಾಲ್ಡರ್ಸ್ ಗೇಟ್ 3ರ (2023) ಫೈರ್‌ಬಾಲ್ ಎಂಟು ಆರು-ಮುಖದ ದಾಳ, ಸರಾಸರಿ 28 ಡ್ಯಾಮೇಜ್. ತಗಲಿದವನು ಸೇವಿಂಗ್ ಥ್ರೋ (ಏಟು ತಪ್ಪಿಸಿಕೊಳ್ಳಲು ಹಾಕುವ ದಾಳ) ಗೆದ್ದರೆ ಅರ್ಧ. ಕಾನ್‌ಸ್ಟಿಟ್ಯೂಷನ್ (ದೇಹದ ಗಟ್ಟಿತನ) 16 ಇರುವ 5ನೇ ಲೆವೆಲ್ ಫೈಟರ್‌ಗೆ 49 ಎಚ್‌ಪಿ (ಜೀವದ ಅಂಕ), 14 ಇರುವ ಅದೇ ಲೆವೆಲ್‌ನ ವಿಜಾರ್ಡ್‌ಗೆ (ಮಾಂತ್ರಿಕ) 32. ಮೂವರು ಶತ್ರುಗಳ ಮೇಲೆ ಬಿದ್ದು ಯಾರೂ ಸೇವಿಂಗ್ ಥ್ರೋ ಗೆಲ್ಲದಿದ್ದರೆ ಒಂದೇ ಏಟಿಗೆ ಸರಾಸರಿ 84. ಈ ಲಾಭದ ಬೆಲೆಯೇ ‘ನನ್ನ ಫೈಟರ್ ಎಲ್ಲಿ ನಿಂತಿದ್ದಾನೆ’ ಎಂಬ ಯೋಚನೆ. ಫ್ರೆಂಡ್ಲಿ ಫೈರ್ ತೆಗೆದರೆ ಆ ಯೋಚನೆ ಬೇಕಿಲ್ಲ, ಆಟಗಾರ ಬೇರೆ ಸ್ಪೆಲ್ ಮುಟ್ಟುವುದೇ ಇಲ್ಲ. ನೀವು ಶತ್ರುಗಳ ಎಚ್‌ಪಿ ಏರಿಸುತ್ತೀರಿ, ಆಗ ಫೈಟರ್‌ನ ಕತ್ತಿ ಸಪ್ಪೆಯಾಗುತ್ತದೆ. ಬ್ಯಾಲೆನ್ಸ್ ಕೆಡುವುದು ಬಹುತೇಕ ಇಲ್ಲೇ. ತೆಗೆಯಲೇಬೇಕಿದ್ದರೆ ಆ ಸ್ಪೆಲ್‌ಗಳ ಡ್ಯಾಮೇಜನ್ನೋ ಬಳಸುವ ಸಲವನ್ನೋ ಕಡಿಮೆ ಮಾಡಿ.

ನನಗೆ ತುಂಬಾ ಹಿಡಿಸುವ ದಾರಿ, ಸುರಕ್ಷತೆಯನ್ನು ಆಟಗಾರನೇ ಗಳಿಸುವಂತೆ ಮಾಡುವುದು. ಬಾಲ್ಡರ್ಸ್ ಗೇಟ್ 3ರಲ್ಲಿ ಇವೊಕೇಶನ್ (ಬೆಂಕಿ, ಮಿಂಚಿನಂಥ ಶಕ್ತಿ ಹೊಮ್ಮಿಸುವ ಮಂತ್ರವಿದ್ಯೆ) ಆರಿಸಿಕೊಂಡ ವಿಜಾರ್ಡ್‌ಗೆ 2ನೇ ಲೆವೆಲ್‌ನಲ್ಲೇ, ತನ್ನ ಇವೊಕೇಶನ್ ಸ್ಪೆಲ್‌ಗಳು ಗೆಳೆಯರನ್ನು ಸುಡದಂಥ ಶಕ್ತಿ ಸಿಗುತ್ತದೆ. ಪಿಲರ್ಸ್ ಆಫ್ ಎಟರ್ನಿಟಿಯಲ್ಲಿ (2015) ಪಾತ್ರದ ಇಂಟಲೆಕ್ಟ್ (ಬುದ್ಧಿಶಕ್ತಿ) ಹೆಚ್ಚಿದಷ್ಟೂ ಸ್ಪೆಲ್‌ನ ವೃತ್ತ ಹಿಗ್ಗುತ್ತದೆ, ಆದರೆ ಹಿಗ್ಗಿದ ಹೊರ ಅಂಚು ಶತ್ರುಗಳಿಗಷ್ಟೇ ತಗಲುತ್ತದೆ. ಎಂಥ ಚೆಂದದ ವಿನ್ಯಾಸ!

ಕೋಣೆಗಳ ಅಳತೆಯನ್ನು ಮರೆಯಬೇಡಿ. ಫೈರ್‌ಬಾಲ್ ತ್ರಿಜ್ಯ 4 ಮೀಟರ್ ಅಂದರೆ ವೃತ್ತ 8 ಮೀಟರ್ ಅಗಲ. 6 ಮೀಟರ್ ಅಗಲದ ಓಣಿಯಲ್ಲಿ ಬದಿಗೆ ಸರಿದು ತಪ್ಪಿಸಿಕೊಳ್ಳಲು ಜಾಗವೇ ಉಳಿಯದು. ಗುರಿ ಇಡುವಾಗ ಯಾರ್‍ಯಾರಿಗೆ ತಗಲುತ್ತದೆಂದು ಹೆಸರು ಸಮೇತ ತೋರಿಸಿ. ಅಂದಾಜು ತಪ್ಪಿ ಸತ್ತರೆ ಆಟಗಾರ ಬೈಯುವುದು ನಿಮ್ಮನ್ನೇ, ಅದು ನ್ಯಾಯವೂ ಹೌದು. ಸಂಗಾತಿಗಳನ್ನು ಎಐ ಆಡಿಸುವುದಾದರೆ, ಗೆಳೆಯನಿಗೆ ತಗಲುವ ಪ್ರತಿ ಪಾಯಿಂಟನ್ನು ಶತ್ರುವಿಗೆ ತಗಲುವುದರ ಎರಡರಷ್ಟು ನಷ್ಟವೆಂದು ಎಣಿಸುವಲ್ಲಿಂದ ಶುರುಮಾಡಿ. ಶತ್ರು ಮಾಂತ್ರಿಕರ ಬೆಂಕಿಯೂ ಅವರವರನ್ನೇ ಸುಡಲಿ.

ಆಮೇಲೆ ಒಂದೇ ಕಾಳಗವನ್ನು ಹತ್ತು ಜನರಿಂದ ಆಡಿಸಿ ನೋಡಿ. ಬಹುಪಾಲು ಜನ ಆ ಸ್ಪೆಲ್ ಎಸೆಯಲೇ ಇಲ್ಲವೆಂದರೆ ಡ್ಯಾಮೇಜ್ ಮುಟ್ಟಬೇಡಿ, ಮೊದಲು ತ್ರಿಜ್ಯವನ್ನು ಇಳಿಸಿ.