ಜೆವಿಎಂ ಮೇಲೆ ರೂಬಿ, ಪೈಥಾನ್ ಥರದ ಭಾಷೆಗಳು ಹೇಗೆ ಓಡುತ್ತವೆ?

ನೀವು ಕೇಳಿದ್ದು ಒಂದೇ ಪ್ರಶ್ನೆ ಅನ್ನಿಸಿದರೂ ಅದರೊಳಗೆ ಮೂರಿವೆ. ಜೆವಿಎಂಗೆ (ಜಾವಾ ಪ್ರೋಗ್ರಾಂಗಳನ್ನು ಓಡಿಸುವ ವರ್ಚುವಲ್ ಮಷೀನ್, ಅಂದರೆ ಸಾಫ್ಟ್‌ವೇರಿನಲ್ಲೇ ಕಟ್ಟಿದ ಯಂತ್ರ) ಎಲ್ಲದರ ಟೈಪೂ (ಅಂಕಿಯೋ ಸ್ಟ್ರಿಂಗೋ ಅನ್ನುವ ಬಗೆ) ಮೊದಲೇ ಗೊತ್ತಿರಬೇಕು, ರೂಬಿ-ಪೈಥಾನ್‌ನಲ್ಲಿ ಟೈಪ್ ಬರೆಯುವುದೇ ಇಲ್ಲ, ಹಾಗಿದ್ದರೆ ಅವು ಅಲ್ಲಿ ಓಡುವುದು ಹೇಗೆ? ಓಡಿದರೂ ನಿಧಾನ ಅಲ್ವಾ? ಅದರ ಬದಲು ಹೀಗೆ ಟೈಪ್ ಬರೆಯದ ಡೈನಮಿಕ್ ಭಾಷೆಗಳಿಗೆಂದೇ ಬೇರೆ ವರ್ಚುವಲ್ ಮಷೀನ್ ಕಟ್ಟಬಾರದೇ? ಜೊತೆಗೆ, ಕೊನೆ ವರ್ಷದ ಪ್ರಾಜೆಕ್ಟಿಗೆ ಪುಟ್ಟ ಭಾಷೆಯೊಂದನ್ನು ಮಾಡಬೇಕು, ಎಲ್ಲಿಂದ ಶುರು ಮಾಡಲಿ ಅಂತಲೂ ಕೇಳಿದ್ದೀರಿ.

ನಾನು ಕಂಪೈಲರ್ ಪಂಡಿತನಲ್ಲ. ಕೆಲಸದಲ್ಲಿ ಒಮ್ಮೆ ರಿಯಾಯಿತಿ ಲೆಕ್ಕದ ನಿಯಮಗಳನ್ನು ಬರೆಯಲು ಜೆವಿಎಂ ಮೇಲೆ ಸಣ್ಣ ಭಾಷೆ ಮಾಡಿ ಸರಿಯಾಗಿ ಪೆಟ್ಟು ತಿಂದವನು, ಅಷ್ಟೇ.

ಒಂದು ಸಾಲು ತೆಗೆದುಕೊಳ್ಳಿ: ಬೆಲೆ + ತೆರಿಗೆ.

ಜಾವಾದಲ್ಲಿ ಎರಡೂ ‘ಇಂಟ್’ ಆಗಿದ್ದರೆ ಆ ಕೂಡುವ ಕೆಲಸ ಬೈಟ್‌ಕೋಡ್‌ನಲ್ಲಿ (ಜೆವಿಎಂ ಓದುವ ಆದೇಶಗಳಲ್ಲಿ) ಒಂದೇ ಒಂದು ಬೈಟು. ರೂಬಿಯಲ್ಲಿ ಹಾಗಲ್ಲ. ಅಲ್ಲಿ + ಅನ್ನುವುದೇ ಒಂದು ಮೆಥಡ್. ‘ಬೆಲೆ’ ಒಳಗೆ ಪೂರ್ಣಾಂಕ ಇರಬಹುದು, ದಶಾಂಶ ಇರಬಹುದು, ಸ್ಟ್ರಿಂಗ್ ಇರಬಹುದು, ನೀವೇ ಬರೆದ ಕ್ಲಾಸಿನ ವಸ್ತು ಇರಬಹುದು. ಸಾಲದ್ದಕ್ಕೆ, ಪ್ರೋಗ್ರಾಂ ಓಡುತ್ತಿರುವಾಗಲೇ ಯಾರಾದರೂ ಪೂರ್ಣಾಂಕದ + ಅನ್ನೇ ಬದಲಾಯಿಸಿಬಿಡಬಹುದು. ಅಂದರೆ ಆ ಸಾಲಿಗೆ ಬಂದಾಗಲೆಲ್ಲ ‘ಈಗ ಯಾವ ಮೆಥಡ್?’ ಅಂತ ಹೊಸದಾಗಿ ಕೇಳಬೇಕು.

ಜೆವಿಎಂಗೆ ಈ ಪ್ರಶ್ನೆ ಕೇಳಲು ಬಾಯಿಯೇ ಇರಲಿಲ್ಲ. 1996ರ ಜಾವಾದಲ್ಲಿ ಮೆಥಡ್ ಕರೆಯಲು ನಾಲ್ಕು ಆದೇಶಗಳಿದ್ದವು: ಇನ್‌ವೋಕ್‌ವರ್ಚುವಲ್, ಇನ್‌ವೋಕ್‌ಸ್ಟ್ಯಾಟಿಕ್, ಇನ್‌ವೋಕ್‌ಸ್ಪೆಷಲ್, ಇನ್‌ವೋಕ್‌ಇಂಟರ್‌ಫೇಸ್. ನಾಲ್ಕಕ್ಕೂ ಕ್ಲಾಸಿನ ಹೆಸರು, ಮೆಥಡ್ ಹೆಸರು, ಒಳಹೋಗುವ-ಹೊರಬರುವ ಟೈಪುಗಳನ್ನು ಬೈಟ್‌ಕೋಡ್‌ನಲ್ಲೇ ಬರೆದಿಡಬೇಕು. ‘ಈ ವಸ್ತು ಏನೇ ಇರಲಿ, ಅದರ + ಹುಡುಕಿ ಕರಿ’ ಅನ್ನುವ ಆದೇಶ ಇಲ್ಲ.

ಆದರೂ ಜನ ಸುಮ್ನೆ ಕೂರಲಿಲ್ಲ. ಜಿಮ್ ಹ್ಯೂಗುನಿನ್ 1997ರಲ್ಲೇ ಜೆವಿಎಂ ಮೇಲೆ ಓಡುವ ಪೈಥಾನ್ ಆದ ಜೆಪೈಥಾನ್ ಮಾಡಿದರು. ಅದೇ ಮುಂದೆ ಜೈಥಾನ್ ಆಯಿತು. 2001ರಲ್ಲಿ ಜೆರೂಬಿ ಶುರುವಾಯಿತು, 2003ರಲ್ಲಿ ಗ್ರೂವಿ. ಇವೆಲ್ಲ ಮಾಡಿದ್ದು ಹೆಚ್ಚುಕಡಿಮೆ ಒಂದೇ ಉಪಾಯ: ಭಾಷೆಯ ಎಲ್ಲ ವಸ್ತುಗಳಿಗೂ ತಮ್ಮದೇ ಒಂದು ಮೂಲ ಕ್ಲಾಸು, ಮೆಥಡ್‌ಗಳನ್ನು ಹೆಸರಿನ ಮೇಲೆ ಹುಡುಕಲು ಒಂದು ಪಟ್ಟಿ, ಹುಡುಕಿ ಕರೆಯಲು ಒಂದಿಷ್ಟು ಜಾವಾ ಕೋಡು. ಓಡುತ್ತದೆ, ಉತ್ತರವೂ ಸರಿ ಬರುತ್ತದೆ. ನಿಧಾನ, ಅಷ್ಟೇ.

ನಿಧಾನ ಯಾಕೆ ಅನ್ನುವಲ್ಲೇ ವಿಷಯ ಇರುವುದು. ಪಟ್ಟಿಯಲ್ಲಿ ಹುಡುಕುವ ಖರ್ಚಿಗಿಂತ ದೊಡ್ಡ ನಷ್ಟ ಬೇರೆ ಇದೆ. ಹಾಟ್‌ಸ್ಪಾಟ್ ಅನ್ನುವುದು ಜಾವಾದ ಮುಖ್ಯ ಜೆವಿಎಂ. ಅದರ ಜಿಟ್ ಕಂಪೈಲರ್ ಪ್ರೋಗ್ರಾಂ ಓಡುತ್ತಿರುವಾಗಲೇ ಬೈಟ್‌ಕೋಡನ್ನು ಮಷೀನ್ ಕೋಡ್ ಮಾಡುತ್ತದೆ, ಅದರ ಶಕ್ತಿಯೆಲ್ಲ ಇರುವುದು ಇನ್‌ಲೈನ್ ಮಾಡುವುದರಲ್ಲಿ. ಸಣ್ಣ ಮೆಥಡ್‌ಗಳನ್ನು ಕರೆದ ಜಾಗಕ್ಕೇ ತಂದು ಸುರಿದು, ಆಮೇಲೆ ಒಟ್ಟಿಗೆ ಸವರುತ್ತದೆ. ಆದರೆ ಭಾಷೆಯ ಎಲ್ಲ ಕರೆಗಳೂ ‘ಹುಡುಕಿ ಕರಿ’ ಅನ್ನುವ ಒಂದೇ ಬಾಗಿಲಿನಿಂದ ಹೋದರೆ, ಆ ಬಾಗಿಲಲ್ಲಿ ಜಿಟ್‌ಗೆ ಕಾಣುವುದು ಬರೀ ಜಾತ್ರೆ. ಇಲ್ಲಿಂದ ಯಾರು ಬೇಕಾದರೂ ಎಲ್ಲಿಗೆ ಬೇಕಾದರೂ ಹೋಗುತ್ತಾರೆ ಅಂತ ಅದು ಕೈಚೆಲ್ಲುತ್ತದೆ.

ನಿಜ ಏನೆಂದರೆ, ಒಂದೊಂದು ಜಾಗದಲ್ಲಿ ನಿಂತು ನೋಡಿದರೆ ಅಷ್ಟು ಜಾತ್ರೆ ಇರುವುದೇ ಇಲ್ಲ. ಹಳೇ ಹೋಟೆಲಿನ ಮಾಣಿಯನ್ನು ನೆನೆಸಿಕೊಳ್ಳಿ. ಮೂಲೆ ಟೇಬಲ್ಲಿಗೆ ದಿನಾ ಅದೇ ಮೇಷ್ಟ್ರು ಬರುತ್ತಾರೆ. ಮಾಣಿ ಏನೂ ಕೇಳುವುದಿಲ್ಲ, ಮುಖ ನೋಡುತ್ತಾನೆ, ಕಾಫಿ ತಂದಿಡುತ್ತಾನೆ. ಮುಖ ಬೇರೆಯಾದರೆ ಮಾತ್ರ ‘ಏನ್ ಕೊಡ್ಲಿ ಸಾರ್’. ಇಲ್ಲಿ ಟೇಬಲ್ ಅಂದರೆ ಕೋಡಿನಲ್ಲಿ ಕರೆ ನಡೆಯುವ ಜಾಗ, ಅಂದರೆ ಕಾಲ್ ಸೈಟ್. ಮುಖ ಅಂದರೆ ವಸ್ತುವಿನ ಟೈಪ್. ಕಾಫಿ ಅಂದರೆ ಹಿಂದಿನ ಸಲ ಹುಡುಕಿ ಸಿಕ್ಕ ಮೆಥಡ್. ಇದಕ್ಕೆ ಇನ್‌ಲೈನ್ ಕ್ಯಾಶ್ ಅನ್ನುತ್ತಾರೆ. ಡಾಯ್ಚ್ ಮತ್ತು ಶಿಫ್‌ಮನ್ ಇದನ್ನು ಸ್ಮಾಲ್‌ಟಾಕ್ ಅನ್ನುವ ಡೈನಮಿಕ್ ಭಾಷೆಗಾಗಿ 1984ರಲ್ಲೇ ಬರೆದಿದ್ದರು. ಒಂದೇ ಟೇಬಲ್ಲಿಗೆ ನಾಲ್ಕೈದು ಖಾಯಂ ಗಿರಾಕಿಗಳಿದ್ದರೆ ಅವರೆಲ್ಲರನ್ನೂ ನೆನಪಿಡುವ ಬಗೆ 1991ರಲ್ಲಿ ಸೆಲ್ಫ್ ಭಾಷೆಯ ಗುಂಪಿನಿಂದ ಬಂತು.

ತಮಾಷೆ ನೋಡಿ. ಹಾಟ್‌ಸ್ಪಾಟ್ ಹುಟ್ಟಿದ್ದೇ ಆ ಸ್ಮಾಲ್‌ಟಾಕ್-ಸೆಲ್ಫ್ ಬಳಗದಿಂದ. ಸ್ಟ್ರಾಂಗ್‌ಟಾಕ್ ಅನ್ನುವ ಸ್ಮಾಲ್‌ಟಾಕ್ ಮಾಡುತ್ತಿದ್ದ ಆ್ಯನಿಮಾರ್ಫಿಕ್ ಕಂಪನಿಯನ್ನು ಜಾವಾ ಮಾಡಿದ ಸನ್ 1997ರಲ್ಲಿ ಕೊಂಡುಕೊಂಡಿತು. ಡೈನಮಿಕ್ ಭಾಷೆಯವರ ಎಂಜಿನ್ ಜಾವಾ ಗಾಡಿಗೆ ಬಂತು. ಆದರೆ ಆ ಎಂಜಿನ್ನಿನ ಈ ವಿದ್ಯೆಯನ್ನು ಬಳಸಲು ಡೈನಮಿಕ್ ಭಾಷೆಗಳಿಗೇ ದಾರಿ ಇರಲಿಲ್ಲ.

ಆ ದಾರಿ ತೆರೆದದ್ದು ಜಾವಾ 7, 2011ರ ಜುಲೈನಲ್ಲಿ. ಬೈಟ್‌ಕೋಡ್ ಪಟ್ಟಿಯಲ್ಲಿ 186ನೇ ಸಂಖ್ಯೆ ಮೊದಲಿಂದ ಖಾಲಿ ಬಿದ್ದಿತ್ತು. ಅಲ್ಲಿಗೆ ಇನ್‌ವೋಕ್‌ಡೈನಮಿಕ್ ಬಂತು. ಸನ್‌ನಲ್ಲಿ, ಆಮೇಲೆ ಅದನ್ನು ಕೊಂಡ ಒರಾಕಲ್‌ನಲ್ಲಿ ಇದರ ಹಿಂದೆ ಬಿದ್ದವರು ಜಾನ್ ರೋಸ್. ಕೆಲಸ ನಡೆಯುವ ರೀತಿ ಹೀಗೆ. ಆ ಸಾಲಿಗೆ ಮೊದಲ ಸಲ ಬಂದಾಗ ಜೆವಿಎಂ ನಿಮ್ಮ ಭಾಷೆಯವರು ಬರೆದ ಬೂಟ್‌ಸ್ಟ್ರಾಪ್ ಮೆಥಡ್ ಒಂದನ್ನು ಕರೆದು, ‘ಈ ಜಾಗದಲ್ಲಿ ಏನು ಮಾಡಲಿ?’ ಅಂತ ಕೇಳುತ್ತದೆ. ನೀವು ಒಂದು ಕಾಲ್‌ಸೈಟ್ ವಸ್ತು ಕೊಡುತ್ತೀರಿ. ಅದರೊಳಗೆ ಮೆಥಡ್ ಹ್ಯಾಂಡಲ್ (ಯಾವ ಮೆಥಡ್ ಕರೆಯಬೇಕು ಅಂತ ತೋರಿಸುವ ವಸ್ತು) ಇರುತ್ತದೆ: ‘ಮುಖ ಇದಾದರೆ ಈ ಮೆಥಡ್, ಇಲ್ಲದಿದ್ದರೆ ಮತ್ತೆ ನನ್ನನ್ನು ಕೇಳು’. ಎರಡನೇ ಸಲದಿಂದ ಬೂಟ್‌ಸ್ಟ್ರಾಪ್ ಗೋಜೇ ಇಲ್ಲ. ಮುಖ್ಯವಾದದ್ದು ಇದು: ಜಿಟ್ ಆ ಹ್ಯಾಂಡಲ್ ಒಳಗೆ ಇಣುಕಿ ನೋಡಬಲ್ಲದು. ಅಲ್ಲಿರುವುದನ್ನು ಸ್ಥಿರ ಅಂದುಕೊಂಡು ನೇರ ಇನ್‌ಲೈನ್ ಮಾಡುತ್ತದೆ. ಆಗ ‘ಬೆಲೆ + ತೆರಿಗೆ’ ಕೊನೆಗೆ ಒಂದು ಟೈಪ್ ಪರೀಕ್ಷೆ, ಒಂದು ಕೂಡುವಿಕೆ, ಇಷ್ಟಕ್ಕೆ ಇಳಿಯುತ್ತದೆ.

ಯಾರಾದರೂ ನಡುವೆ + ಅನ್ನೇ ಬದಲಾಯಿಸಿದರೆ? ಅದಕ್ಕೆ ಸ್ವಿಚ್‌ಪಾಯಿಂಟ್ ಇದೆ. ಹೋಟೆಲಿನವರು ‘ಇವತ್ತಿಂದ ಕಾಫಿ ಇಲ್ಲ’ ಅಂತ ಬೋರ್ಡ್ ಹಾಕಿದ ಹಾಗೆ. ಒಂದು ಬೋರ್ಡು ತಿರುಗಿದರೆ ಅದನ್ನು ನಂಬಿದ್ದ ಎಲ್ಲ ಟೇಬಲ್ಲುಗಳ ನೆನಪೂ ಒಟ್ಟಿಗೆ ರದ್ದು. ಬೋರ್ಡು ತಿರುಗದೆ ಇರುವಷ್ಟು ಕಾಲ ಅದಕ್ಕೆ ಖರ್ಚು ಇಲ್ಲ ಅಂದರೂ ನಡೆಯುತ್ತದೆ.

ಈಗ ನನ್ನ ಪೆಟ್ಟಿನ ಕಥೆ. ನನ್ನ ಭಾಷೆಯಲ್ಲಿ ಪ್ರತಿ ಹೊಸ ಟೈಪ್ ಬಂದಾಗಲೂ ಕಾಲ್ ಸೈಟಿನ ‘ಮುಖ ಇದಾ?’ ಅನ್ನುವ ಪರೀಕ್ಷೆಗಳ ಸರಪಳಿಗೆ ಇನ್ನೊಂದು ಸೇರಿಸುತ್ತಿದ್ದೆ. ಮಿತಿ ಹಾಕಿರಲಿಲ್ಲ. ನನ್ನ ಟೆಸ್ಟುಗಳಲ್ಲಿ ಇದ್ದದ್ದೇ ಎರಡು ಟೈಪು, ಗಾಳಿಯ ಹಾಗೆ ಓಡುತ್ತಿತ್ತು. ನಿಜವಾದ ಡೇಟಾ ಬಂದಾಗ ಪ್ರತಿ ಸರಕಿನ ಬಗೆಗೂ ಬೇರೆ ಬೇರೆ ಕ್ಲಾಸು. ಸರಪಳಿ ಬೆಳೆಯಿತು, ಬೆಳೆಯಿತು. ಕೊನೆಯಲ್ಲಿ ಸೇರಿದ ಟೈಪು ಬಂದರೆ ಅದಕ್ಕೆ ಮೊದಲಿನ ಎಲ್ಲ ಪರೀಕ್ಷೆಗಳನ್ನೂ ದಾಟಿ ಹೋಗಬೇಕು. ನಾನು ಎರಡು ದಿನ ಗಾರ್ಬೇಜ್ ಕಲೆಕ್ಟರಿಗೆ (ಬಳಕೆ ಮುಗಿದ ಮೆಮೊರಿ ಗುಡಿಸುವ ಭಾಗಕ್ಕೆ) ಬೈದೆ. ಪಾಪ, ಅದರ ತಪ್ಪೇನೂ ಇರಲಿಲ್ಲ. ಬಸ್ ಸ್ಟ್ಯಾಂಡ್ ಹೋಟೆಲಿನ ಮಾಣಿ ಬಂದವರ ಮುಖವನ್ನೆಲ್ಲ ನೆನಪಿಡಲು ಹೊರಟರೆ ಏನಾಗುತ್ತದೋ ಅದೇ ಆಗಿತ್ತು. ಸರಪಳಿ ಐದು ದಾಟಿದರೆ ಅದನ್ನು ಕಿತ್ತು, ಸಾದಾ ಪಟ್ಟಿಯಲ್ಲಿ ಹುಡುಕು ಅಂತ ನಾಲ್ಕು ಸಾಲು ಬರೆದೆ. ಸರಿಹೋಯಿತು. ನೀವು ಮೊದಲ ದಿನವೇ ಆ ಮಿತಿ ಹಾಕಿಕೊಳ್ಳಿ.

ಇನ್ನೊಂದು ವಿಚಿತ್ರ: ಇನ್‌ವೋಕ್‌ಡೈನಮಿಕ್‌ನ ಅತಿ ದೊಡ್ಡ ಗಿರಾಕಿ ಆದದ್ದು ರೂಬಿಯೂ ಅಲ್ಲ, ಪೈಥಾನೂ ಅಲ್ಲ. 2014ರ ಜಾವಾ 8ರಲ್ಲಿ ಲ್ಯಾಂಬ್ಡಾಗಳು (ಹೆಸರಿಲ್ಲದ ಪುಟ್ಟ ಫಂಕ್ಷನ್‌ಗಳು) ಇದರ ಮೇಲೇ ನಿಂತವು. ಜಾವಾ 9ರಿಂದ ಸ್ಟ್ರಿಂಗ್ ಜೋಡಿಸುವುದೂ ಇದರಿಂದಲೇ. ನೆಂಟರಿಗೆಂದು ಕಟ್ಟಿದ ಕೋಣೆಯಲ್ಲಿ ಮನೆಯವರೇ ಮಲಗಿದರು.

ಮೈಕ್ರೋಸಾಫ್ಟ್ ಬೇರೆ ದಾರಿ ಹಿಡಿಯಿತು. ಅಲ್ಲೂ ನಾಯಕ ಅದೇ ಹ್ಯೂಗುನಿನ್. ಮೈಕ್ರೋಸಾಫ್ಟಿನ ಜೆವಿಎಂ ಥರದ ವೇದಿಕೆಯಾದ ಡಾಟ್‌ನೆಟ್ ಡೈನಮಿಕ್ ಭಾಷೆಗಳಿಗೆ ಯಾಕೆ ಲಾಯಕ್ಕಿಲ್ಲ ಅಂತ ಲೇಖನ ಬರೆಯಲು ಹೊರಟವರು, ಸಾಕ್ಷಿಗೆಂದು ಒಂದು ಪೈಥಾನ್ ಮಾಡಿ ನೋಡಿದರೆ ಅದು ಚೆನ್ನಾಗೇ ಓಡಿತು. ಐರನ್‌ಪೈಥಾನ್ ಹುಟ್ಟಿದ್ದು ಹಾಗೆ. 2004ರಲ್ಲಿ ಅವರು ಮೈಕ್ರೋಸಾಫ್ಟ್ ಸೇರಿದರು, 2006ರಲ್ಲಿ 1.0 ಬಂತು. ಅದರಿಂದ ಎಲ್ಲ ಭಾಷೆಗಳಿಗೂ ಬೇಕಾದ ಭಾಗವನ್ನು ಬೇರ್ಪಡಿಸಿ ಡಿಎಲ್‌ಆರ್ (ಡೈನಮಿಕ್ ಲ್ಯಾಂಗ್ವೇಜ್ ರನ್‌ಟೈಮ್) ಅಂತ 2007ರಲ್ಲಿ ಪ್ರಕಟಿಸಿದರು. ಇದು ವರ್ಚುವಲ್ ಮಷೀನಿಗೆ ಹೊಸ ಆದೇಶ ಸೇರಿಸಲಿಲ್ಲ. ಕಾಲ್ ಸೈಟ್, ಕ್ಯಾಶ್, ಎಕ್ಸ್‌ಪ್ರೆಶನ್ ಟ್ರೀ (ಕೋಡನ್ನು ಮರದ ರೂಪದಲ್ಲಿ ಇಡುವ ಬಗೆ) ಎಲ್ಲವೂ ಮೇಲಿನ ಲೈಬ್ರರಿ ಮಾತ್ರ. 2010ರ ಸಿ ಶಾರ್ಪ್ 4ರಲ್ಲಿ ಬಂದ ‘ಡೈನಮಿಕ್’ ಪದ ಇದರ ಮೇಲೇ ಕೆಲಸ ಮಾಡುವುದು. ನನ್ನ ಲೆಕ್ಕದಲ್ಲಿ ಡಿಎಲ್‌ಆರ್‌ನ ಹೆಚ್ಚುಗಾರಿಕೆ ವೇಗವಲ್ಲ. ಒಂದು ಭಾಷೆಯ ವಸ್ತುವನ್ನು ಇನ್ನೊಂದು ಭಾಷೆ ಹೇಗೆ ಮಾತಾಡಿಸಬೇಕು ಅನ್ನುವ ಒಪ್ಪಂದವನ್ನೂ ಅದು ಮಾಡಿಕೊಟ್ಟಿತು. ಆದರೆ ಅದೇ 2010ರಲ್ಲಿ ಮೈಕ್ರೋಸಾಫ್ಟ್ ಐರನ್‌ಪೈಥಾನ್, ಐರನ್‌ರೂಬಿ ಎರಡನ್ನೂ ಹೊರಗಿನ ಬಳಗಕ್ಕೆ ಬಿಟ್ಟುಕೊಟ್ಟಿತು. ಹ್ಯೂಗುನಿನ್ ಕೂಡ ಕಂಪನಿ ಬಿಟ್ಟರು.

ಇಷ್ಟು ಕೇಳಿ ಕರೆಯ ಸಮಸ್ಯೆ ಬಗೆಹರಿದರೆ ಎಲ್ಲ ಮುಗಿಯಿತು ಅನ್ನಿಸಬಹುದು. ಇಲ್ಲ. ನಿಜವಾದ ಜಗಳ ಕರೆಯ ಆಚೆಗಿದೆ.

ಅಂಕಿಗಳನ್ನೇ ನೋಡಿ. ಮೂಲ ರೂಬಿ ಸಣ್ಣ ಪೂರ್ಣಾಂಕವನ್ನು ಪಾಯಿಂಟರ್ ಒಳಗೇ ಅಡಗಿಸಿಡುತ್ತದೆ, ಕೊನೆಯ ಬಿಟ್ ನೋಡಿದರೆ ಗೊತ್ತಾಗುತ್ತದೆ. ಜೆವಿಎಂನಲ್ಲಿ ಪಾಯಿಂಟರ್ ಮುಟ್ಟಲು ಬಿಡುವುದಿಲ್ಲ. ಹಾಗಾಗಿ ಪ್ರತಿ ಅಂಕಿಯೂ ಡಬ್ಬಿಯಲ್ಲಿಟ್ಟ ವಸ್ತು. ಜಿಟ್ ಆ ಡಬ್ಬಿಯನ್ನು ಕೆಲವು ಸಲ ತೆಗೆದುಹಾಕುತ್ತದೆ, ಎಲ್ಲ ಸಲವೂ ಅಲ್ಲ.

ಸ್ಟ್ರಿಂಗ್ ಇನ್ನೂ ಮಜಾ. ‘ಕನ್ನಡ’ ಅನ್ನುವ ಪದವನ್ನೇ ಹಿಡಿಯಿರಿ. ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಐದು: ಕ, ನ, ವಿರಾಮ (‘್’ ಚಿಹ್ನೆ), ನ, ಡ. ಜಾವಾ ಇದನ್ನು ಯುಟಿಎಫ್-16ರ ಐದು ಘಟಕ ಅನ್ನುತ್ತದೆ, 10 ಬೈಟು. ರೂಬಿಗೆ ಸ್ಟ್ರಿಂಗ್ ಅಂದರೆ ಬೈಟುಗಳ ಸಾಲು, ಜೊತೆಗೆ ಎನ್‌ಕೋಡಿಂಗ್ ಹೆಸರು. ಯುಟಿಎಫ್-8ರಲ್ಲಿ 15 ಬೈಟು. ರೂಬಿ ಪ್ರೋಗ್ರಾಂ ಆ 15ನ್ನು ಕೇಳುತ್ತದೆ, ಒಂದೊಂದು ಬೈಟನ್ನೂ ಮುಟ್ಟುತ್ತದೆ. ಹಾಗಾಗಿ ಜೆರೂಬಿಯವರು ಜಾವಾ ಸ್ಟ್ರಿಂಗನ್ನು ಬದಿಗಿಟ್ಟು ತಮ್ಮದೇ ಬೈಟ್ ಪಟ್ಟಿ ಮಾಡಿಕೊಂಡರು. ರೆಗ್ಯುಲರ್ ಎಕ್ಸ್‌ಪ್ರೆಶನ್‌ಗೆ ರೂಬಿಯ ಓನಿಗುರುಮಾ ಎಂಜಿನ್ನನ್ನೇ ಜಾವಾಕ್ಕೆ ತಂದು ಜೋನಿ ಅಂತ ಹೆಸರಿಟ್ಟರು. ಹಂಚಿಕೊಳ್ಳುವ ವೇದಿಕೆ ಅಂತ ಹೋದವರು ಕೊನೆಗೆ ಇಷ್ಟೆಲ್ಲ ಸ್ವಂತಕ್ಕೆ ಕಟ್ಟಬೇಕಾಯಿತು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಸಿ ಎಕ್ಸ್‌ಟೆನ್ಶನ್‌ಗಳದ್ದು, ಅಂದರೆ ಸಿ ಭಾಷೆಯಲ್ಲಿ ಬರೆದು ಜೋಡಿಸಿದ ಲೈಬ್ರರಿಗಳದ್ದು. ಜೈಥಾನ್‌ನಲ್ಲಿ ಜಿಐಎಲ್ (ಒಮ್ಮೆಗೆ ಒಂದೇ ಥ್ರೆಡ್ ಓಡಲು ಬಿಡುವ ಬೀಗ) ಇಲ್ಲ, ಥ್ರೆಡ್‌ಗಳು ನಿಜವಾಗಿ ಒಟ್ಟಿಗೆ ಓಡುತ್ತವೆ, ಯಾವ ಜಾವಾ ಲೈಬ್ರರಿ ಬೇಕಾದರೂ ಸಿಗುತ್ತದೆ. ಆದರೆ ಪೈಥಾನ್‌ಗೆ ಬರುವವರು ಜಾಸ್ತಿ ಬರುವುದೇ ಲೆಕ್ಕದ ಲೈಬ್ರರಿ ನಮ್‌ಪೈ ಥರದ್ದಕ್ಕಾಗಿ. ಅದು ಸಿಪೈಥಾನ್‌ನ (ಸಿ ಭಾಷೆಯಲ್ಲಿ ಬರೆದ ಮೂಲ ಪೈಥಾನ್‌ನ) ಒಳಗಿನ ಪಾಯಿಂಟರ್, ರೆಫರೆನ್ಸ್ ಎಣಿಕೆ (ಒಂದು ವಸ್ತುವನ್ನು ಎಷ್ಟು ಕಡೆ ಬಳಸುತ್ತಿದ್ದಾರೆ ಅನ್ನುವ ಲೆಕ್ಕ) ಎಲ್ಲವನ್ನೂ ನೇರ ಮುಟ್ಟುತ್ತದೆ. ಜೆವಿಎಂನ ಗಾರ್ಬೇಜ್ ಕಲೆಕ್ಟರ್ ವಸ್ತುಗಳನ್ನು ಜಾಗದಿಂದ ಜಾಗಕ್ಕೆ ಎತ್ತಿಡುತ್ತದೆ. ಇಬ್ಬರಿಗೂ ಹೊಂದುವುದು ಹೇಗೆ? ಜೈಥಾನ್ ಹಳೆಯ ಪೈಥಾನ್ 2.7ಕ್ಕೇ ನಿಂತಿದೆ. ಜೆರೂಬಿ ಬದುಕಿ ಉಳಿದದ್ದಕ್ಕೆ ಅದರ ಹಿಂದೆ ವರ್ಷಗಟ್ಟಲೆ ಪಟ್ಟು ಹಿಡಿದು ಕೂತ ಚಾರ್ಲ್ಸ್ ನಟರ್, ಥಾಮಸ್ ಎನೆಬೊ ಥರದವರು ಒಂದು ಕಾರಣ. ವೆಬ್ ಕೆಲಸಕ್ಕೆ ಸಿ ಎಕ್ಸ್‌ಟೆನ್ಶನ್ ಅಷ್ಟಾಗಿ ಬೇಕಾಗುವುದಿಲ್ಲ ಅನ್ನುವುದು ಇನ್ನೊಂದು ಕಾರಣ ಅಂತ ನನ್ನ ಅನಿಸಿಕೆ.

ಹಾಗಾದರೆ ಬೇರೆ ಮಷೀನೇ ಕಟ್ಟಬಾರದೇ? ಕಟ್ಟಿದ್ದರು. ಪರ್ಲ್ 6ರ ಜನ ಎಲ್ಲ ಡೈನಮಿಕ್ ಭಾಷೆಗಳಿಗೂ ಒಂದೇ ಮನೆ ಅಂತ ಪ್ಯಾರಟ್ ಶುರು ಮಾಡಿದರು. ಹೆಸರು ಬಂದದ್ದು 2001ರ ಏಪ್ರಿಲ್ ಫೂಲ್ ತಮಾಷೆಯಿಂದ. 1.0 ಬರುವಾಗ 2009. ಆಮೇಲೆ ಪರ್ಲ್ 6ರವರೇ ಅದನ್ನು ಬಿಟ್ಟರು. 2015ರ ಕ್ರಿಸ್‌ಮಸ್‌ಗೆ ಭಾಷೆ ಹೊರಬಂದಾಗ ಅದು ನಿಂತಿದ್ದು ಮೋರ್‌ವಿಎಂ ಅನ್ನುವ ಬೇರೆ ಮಷೀನಿನ ಮೇಲೆ. ಒಳ್ಳೆಯ ಜಿಟ್, ಒಳ್ಳೆಯ ಗಾರ್ಬೇಜ್ ಕಲೆಕ್ಟರ್ ಬರೆಯಲು ಎಷ್ಟೋ ಜನರ ಎಷ್ಟೋ ವರ್ಷ ಬೇಕು. ಜೆವಿಎಂ ಮೇಲೆ ಕೂತರೆ ಅದು ಪುಕ್ಕಟೆ ಸಿಗುತ್ತದೆ. ಜನ ಇಷ್ಟೆಲ್ಲ ಕಷ್ಟಪಟ್ಟೂ ಅಲ್ಲಿಗೇ ಹೋಗುವುದು ಅದಕ್ಕೆ.

ನಿಮ್ಮ ಪ್ರಾಜೆಕ್ಟಿಗೆ ಬರೋಣ. ಈಗ ಒರಾಕಲ್‌ನ ಇನ್ನೊಂದು ಜೆವಿಎಂ ಆದ ಗ್ರಾಲ್‌ವಿಎಂನ ಟ್ರಫಲ್ ಅನ್ನುವ ಮೂರನೇ ದಾರಿ ಇದೆ. ಅದರಲ್ಲಿ ನೀವು ಬೈಟ್‌ಕೋಡ್ ಬರೆಯುವುದೇ ಇಲ್ಲ. ಪ್ರೋಗ್ರಾಂ ಅನ್ನು ಮರದ ರೂಪಕ್ಕೆ ತಂದು ಆ ಮರವನ್ನು ನಡೆಸುವ ಇಂಟರ್‌ಪ್ರಿಟರನ್ನು ಜಾವಾದಲ್ಲಿ ಬರೆದರೆ ಸಾಕು. ಕೂಡುವ ನೋಡ್ ‘ನನಗೆ ಇದುವರೆಗೆ ಬಂದದ್ದು ಪೂರ್ಣಾಂಕ ಮಾತ್ರ’ ಅಂತ ತನ್ನನ್ನೇ ಬದಲಾಯಿಸಿಕೊಳ್ಳುತ್ತದೆ, ಗ್ರಾಲ್ ಕಂಪೈಲರ್ ಆ ಮರವನ್ನೇ ಅರೆದು ಮಷೀನ್ ಕೋಡ್ ಮಾಡುತ್ತದೆ. ಟ್ರಫಲ್‌ರೂಬಿ, ಗ್ರಾಲ್‌ಪೈ ಎರಡೂ ನಿಂತಿರುವುದು ಟ್ರಫಲ್ ಮೇಲೇ. ಮೂರು-ನಾಲ್ಕು ತಿಂಗಳು ಮಾತ್ರ ಸಮಯ ಇದ್ದರೆ ಇದನ್ನೇ ಹಿಡಿಯಿರಿ. ಅದರ ಜೊತೆ ಸಿಂಪಲ್‌ಲ್ಯಾಂಗ್ವೇಜ್ ಅನ್ನುವ ಮಾದರಿ ಭಾಷೆಯೂ ಬರುತ್ತದೆ, ಅದನ್ನೇ ತಿದ್ದುತ್ತಾ ಹೋಗಬಹುದು.

ಒಳಗೆ ಏನು ನಡೆಯುತ್ತದೆ ಅಂತ ಕೈಯಾರೆ ನೋಡಬೇಕು ಅನ್ನಿಸಿದರೆ ಬೈಟ್‌ಕೋಡ್ ಬರೆದುಕೊಡುವ ಎಎಸ್‌ಎಂ ಲೈಬ್ರರಿ ತೆಗೆದುಕೊಂಡು ಇನ್‌ವೋಕ್‌ಡೈನಮಿಕ್‌ನಿಂದ ಮಾಡಿ. ವೈವಾದಲ್ಲಿ ಹೇಳಿಕೊಳ್ಳಲು ಇದರಲ್ಲೇ ಹೆಚ್ಚು ಸಿಗುತ್ತದೆ, ನಿದ್ದೆ ಮಾತ್ರ ಕೆಡುತ್ತದೆ. ಅದಕ್ಕೆ ಮೊದಲು ಇವತ್ತೇ ಒಂದು ಕೆಲಸ ಮಾಡಿ: ಒಂದೇ ಒಂದು ಲ್ಯಾಂಬ್ಡಾ ಇರುವ ಜಾವಾ ಫೈಲ್ ಬರೆದು ಕಂಪೈಲ್ ಮಾಡಿ, ಜಾವಾ ಜೊತೆಗೇ ಬರುವ ಜಾವಾಪ್‌ನಿಂದ (javap -v) ಅದರ ಬೈಟ್‌ಕೋಡ್ ತೆರೆಯಿರಿ. ಅಲ್ಲಿ 186ನೇ ಆದೇಶ, ಅಂದರೆ ಇನ್‌ವೋಕ್‌ಡೈನಮಿಕ್, ಕೂತಿರುತ್ತದೆ. ಅದರ ಬೂಟ್‌ಸ್ಟ್ರಾಪ್ ಮೆಥಡ್ ಯಾವುದು ಅಂತ ಕೊನೆಯ ಸಾಲುಗಳಲ್ಲಿ ಹುಡುಕಿ. ಸಿಗದಿದ್ದರೆ ಇಲ್ಲೇ ಕೇಳಿ, ಹೇಳುತ್ತೇನೆ.