ಪೇಪರಿನಲ್ಲಿ ಫೋಟೋ ಬಂದ ತಮ್ಮನನ್ನು ಊರು ಬಿಡಿಸಬೇಕೇ, ಜೈಲಿಗೆ ಹೋಗಿ ಬುದ್ಧಿ ಕಲಿಯಲಿ ಎಂದು ಬಿಡಬೇಕೇ?

ತಮ್ಮನನ್ನು ಬೆಂಗಳೂರಿಗೆ ಕಳಿಸುವುದೋ ಜೈಲಿಗೆ ಬಿಡುವುದೋ ಎಂದು ಕೇಳಿದ್ದೀರಿ. 20ರ ತಮ್ಮ, ಮೊದಲ ಕಳ್ಳತನ, ಈಗ ಜಾಮೀನಿನಲ್ಲಿ ಹೊರಗೆ. ಹೆಚ್ಚುಕಡಿಮೆ ನನ್ನದೇ ಕತೆ ಮಾರಾಯ್ರೆ. ನನಗಾಗ 22. ಮಂಗಳೂರಿನ ಹಂಪನಕಟ್ಟೆಯ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದವನು ಎರಡು ಸೆಟ್ ಎತ್ತಿದೆ. ಸಿಕ್ಕಿಬಿದ್ದೆ, ಪೊಲೀಸರು ಫೋಟೋ ತೆಗೆಸಿದರು: ಮೇಜಿನ ಮೇಲೆ ಮೊಬೈಲ್, ಹಿಂದೆ ಪೊಲೀಸರ ಸಾಲು, ನಡುವೆ ನಾನು. ಮರುದಿನ ಪೇಪರಿನಲ್ಲಿ ನಾನು ‘ಖತರ್ನಾಕ್ ಕಳ್ಳ’. ಫೋಟೋ ವಾಟ್ಸ್ಆ್ಯಪ್‌ನಲ್ಲಿ ಸುತ್ತಿ ಸುತ್ತಿ ಅಮ್ಮ ಬೀಡಿ ಕಟ್ಟಿ ಕೊಡುವ ಬ್ರಾಂಚಿಗೂ ಮುಟ್ಟಿತು.

ಆ ಫೋಟೋಗೆ ಹೆದರಿದ್ದೇ ನನ್ನನ್ನು ಮುಳುಗಿಸಿತು. ಪ್ರತಿ ಡೇಟಿಗೂ ಕೋರ್ಟಿನ ಹೊರಗೆ ಕ್ಯಾಮರಾ ಕಾಯುತ್ತಿರುತ್ತದೆ ಎಂಬ ಭ್ರಮೆ. (ಒಬ್ಬನೂ ಬರಲಿಲ್ಲ. ಕೋರ್ಟ್ ಏನು ಹೇಳಿತೆಂದು ಯಾವ ಪೇಪರಿಗೂ ಬೇಡ.) ‘ಒಪ್ಪಿಕೊಂಡುಬಿಡು, ಒಳಗಿದ್ದ ದಿನಗಳನ್ನೇ ಶಿಕ್ಷೆಗೆ ಹಿಡಿಯುತ್ತಾರೆ, ದಂಡ ಕಟ್ಟಿ ಮನೆಗೆ ಹೋಗು’ ಎಂದರು ವಕೀಲರು. ಒಪ್ಪಿಕೊಂಡೆ. ಕದ್ದದ್ದು ನಿಜ, ಒಪ್ಪಿಕೊಂಡದ್ದರಲ್ಲಿ ಎಂತ ತಪ್ಪು? ಒಪ್ಪಿದ ಮೇಲೆ ಪ್ರೊಬೇಷನ್ ಕೇಳದೆ ಬಾಯಿ ಮುಚ್ಚಿಕೊಂಡದ್ದು ತಪ್ಪು. 1958ರ ಪ್ರೊಬೇಷನ್ ಕಾಯ್ದೆಯ 4ನೇ ಸೆಕ್ಷನ್ನಿನಲ್ಲಿ, ಅಪರಾಧ ಸಾಬೀತಾದರೂ ಶಿಕ್ಷೆ ಹೇಳದೆ, ಸನ್ನಡತೆಯ ಬಾಂಡ್ ಬರೆಸಿಕೊಂಡು ಬಿಡಬಹುದು. ಹಾಗೆ ಬಿಟ್ಟವನಿಗೆ ಆ ಕೇಸಿನ ಅನರ್ಹತೆ ತಗಲುವುದಿಲ್ಲ ಎಂದು 12ನೇ ಸೆಕ್ಷನ್ ಹೇಳುತ್ತದೆ. ಕೇಸು ಅಳಿಸಿಹೋಗುವುದಿಲ್ಲ, ಆದರೆ ಅಷ್ಟು ರಕ್ಷಣೆ ಉಂಟು. ನಾನು ಕೇಳಲಿಲ್ಲ, ನನ್ನ ಪರವಾಗಿ ಯಾರೂ ಕೇಳಲಿಲ್ಲ. ಬೇಗ ಮುಗಿದರೆ ಸಾಕಿತ್ತು, ಮುಗಿಯಿತು. ಮುಂದೆ ಸರಕಾರಿ ಹುದ್ದೆಯೊಂದರ ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದದ್ದು ಪೊಲೀಸ್ ವೆರಿಫಿಕೇಶನ್ನಿನಲ್ಲಿ ಹೊಡೆದುಹೋಯಿತು. ಆ 12ನೇ ಸೆಕ್ಷನ್ ಹಿಡಿದು ಜಗಳಾಡಲಿಕ್ಕಾದರೂ ಆಗುತ್ತಿತ್ತು, ಅದೂ ಇಲ್ಲ.

ಜೈಲಿನಲ್ಲಿ ಬುದ್ಧಿ ಬರುತ್ತದೆ ಎಂದು ನಿಮಗೆ ಯಾರು ಹೇಳಿದ್ದು? ಒಳಗೆ ನಾನು ಕಲಿತದ್ದು ಬೈಕಿನ ಲಾಕ್ ಬಿಚ್ಚುವುದು. ನಿಮ್ಮ ತಮ್ಮನಿಗೆ 21 ತುಂಬಿಲ್ಲ. ಅಂಥವರನ್ನು ಜೈಲಿಗೆ ಕಳಿಸಬೇಕಾದರೆ ಕೋರ್ಟ್ ಪ್ರೊಬೇಷನ್ ಅಧಿಕಾರಿಯ ವರದಿ ತರಿಸಬೇಕು, ಕಾರಣ ಬರೆಯಬೇಕು. ಅದೇ ಕಾಯ್ದೆಯ 6ನೇ ಸೆಕ್ಷನ್ ಓದಿಸಿ. ಲೆಕ್ಕಕ್ಕೆ ಬರುವುದು ಕದ್ದ ದಿನದ ವಯಸ್ಸಲ್ಲ, ವಿಚಾರಣಾ ಕೋರ್ಟ್ ತೀರ್ಮಾನಿಸುವ ದಿನದ್ದು. ಹಾಗಾಗಿ ಸುಮ್ಮನೆ ಡೇಟ್ ಎಳೆಯಲಿಕ್ಕೆ ಬಿಡಬೇಡಿ. ಕದ್ದ ಮಾಲು 5,000 ರೂಪಾಯಿಯ ಒಳಗಿನದ್ದಾಗಿ, ಅದನ್ನು ವಾಪಸ್ ಕೊಟ್ಟಿದ್ದರೆ, 2024ರ ಜುಲೈ 1ರಿಂದ ಐಪಿಸಿಯ ಬದಲು ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮೊದಲ ಸಲದವನಿಗೆ ಸಮುದಾಯ ಸೇವೆಯೇ ಶಿಕ್ಷೆ.

ಬೆಂಗಳೂರಿಗೆ ಕಳಿಸುವ ಮಾತಂತೂ ಬಿಡಿ. ಅವನಿಗೋ ಜಾಮೀನು ನಿಂತವನಿಗೋ ಕಾಯಂ ಮನೆ, ಇಲ್ಲವೆ ಕೆಲಸ ಉಂಟಾ ಎಂದು ನೋಡಿಯೇ ಕೋರ್ಟ್ ಆ ಸನ್ನಡತೆಯ ಬಾಂಡ್ ಮೇಲೆ ಬಿಡುವುದು. ಬಂದರಿನ ದಕ್ಕೆಯಲ್ಲಿ ಕೆಲಸಕ್ಕಿದ್ದ ಎಂದಿರಲ್ಲ, ನಾಳೆಯಿಂದಲೇ ಹೋಗಲಿ. ಧನಿಗೆ ಕೇಸಿನ ವಿಷಯ ನೀವೇ ಹೇಳಿ. ಅವರು ಹೇಗೂ ಪೇಪರ್ ಓದಿರುತ್ತಾರೆ.